ಧ್ವನಿಮುದ್ರಣ ಕೊಠಡಿಯ ಕಿಂಡಿಯಲ್ಲಿ ಸಂಸಾರ ಹೂಡಿರುವ ಗೂಬೆ ದಂಪತಿಗಳಿಗೆ

ಮಾನ್ಯ ಗೂಬೆ ದಂಪತಿಗಳೇ,

ಹಗಲೆಲ್ಲ ನಿದ್ರಿಸಿ ಇರುಳೆಲ್ಲ ದುಡಿಯುವ, ಹಾಜರಿ ಹಾಕುವವರಿಲ್ಲದಿದ್ದರೂ ಒಂದು ದಿನವೂ ಕೆಲಸಕ್ಕೆ ಚಕ್ಕರ್ ಹೊಡೆಯದ ತಮ್ಮ ಪಾದಗಳಿಗೆ, ಉಗುರುಗಳಿಂದ ತುಸು ದೂರ ನಿಂತು, ಈ ನಿರೂಪಣಾ ಲೇಖಕನ ನಮಸ್ಕಾರಗಳು. ಮನೆಮಂದಿಯೆಲ್ಲ ಕ್ಷೇಮವೇ ಎಂದು ನಾನು ಕೇಳಬೇಕಾಗಿಲ್ಲ. ತಮ್ಮ ಕ್ಷೇಮಸಮಾಚಾರ ನಮ್ಮ ಮೈಕಿನಲ್ಲಿ ದಿನವೂ ಸ್ಪಷ್ಟವಾಗಿ ಕೇಳುತ್ತಿದೆ.

ತಮ್ಮ ಗಮನಕ್ಕೆ ಬಂದಿದೆಯೋ ಇಲ್ಲವೋ, ನಾವು ತಮ್ಮ ಮೇಲೆಯೇ ಒಂದು ಸಾಕ್ಷ್ಯಚಿತ್ರ ಮಾಡುತ್ತಿದ್ದೇವೆ. ಗೂಬೆ ಅಪಶಕುನವಲ್ಲ, ಹೊಲದ ಇಲಿಗಳಿಗೆ ಗತಿ ಕಾಣಿಸುವ ಗೆಳೆಯ ಎಂದು ಶಾಲಾ ಮಕ್ಕಳಿಗೆ ತಿಳಿಹೇಳುವುದು ಅದರ ಉದ್ದೇಶ. ಇದಕ್ಕಾಗಿ ನಮ್ಮ ನಿರ್ದೇಶಕರು ಕ್ಯಾಮೆರಾ ಹೊತ್ತು, ಮುಳ್ಳು ಚುಚ್ಚಿಸಿಕೊಂಡು, ಸೊಳ್ಳೆಗಳಿಗೆ ಮೈ ಒಪ್ಪಿಸಿ, ಊರಾಚೆಯ ಪಾಳು ಗೋದಾಮಿನಲ್ಲಿ ತಮ್ಮ ಬಂಧುಗಳನ್ನು ಪತ್ತೆ ಹಚ್ಚಿ ಬಂದರು. ಅಷ್ಟು ಹೊತ್ತೂ ತಾವು ನಮ್ಮ ಮೈಕಿನ ನೆತ್ತಿಯ ಮೇಲೆಯೇ ಬಾಡಿಗೆಯಿಲ್ಲದೆ ಬಾಳುತ್ತಿದ್ದಿರಿ ಎಂಬುದನ್ನು ಒಂದು ಮಾತು ತಿಳಿಸಬಾರದಿತ್ತೇ?

ಪ್ರಾಸ ಸಿಕ್ಕರೆ ಊಟ ಮರೆಯುವ ಮನುಷ್ಯ ನಾನು. “ಮಾತಿಲ್ಲದ ಮೌನಿ, ಕತ್ತಲೆಯ ಜ್ಞಾನಿ, ಸದ್ದಿಲ್ಲದ ರೆಕ್ಕೆ, ಇಲಿಯೆದೆಗೆ ಧಕ್ಕೆ” ಎಂದು ಬರೆದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಅದನ್ನು ಓದಲು ಒಪ್ಪಿದವಳು, ರೇಡಿಯೋದಲ್ಲಿ ವಾರ್ತೆ ಓದಿ ನಿವೃತ್ತಳಾದ ನನ್ನ ಅಕ್ಕ. ಅವಳು “ಮಾತಿಲ್ಲದ ಮೌನಿ” ಎಂದಳೋ ಇಲ್ಲವೋ, ತಮ್ಮ ಮಕ್ಕಳು ಮೇಲಿನಿಂದ ಸೈಕಲ್ ಟ್ಯೂಬಿನ ಗಾಳಿ ಬಿಟ್ಟಂತೆ “ಹುಸ್ಸ್” ಎಂದರು. ಸೌಂಡ್ ಎಂಜಿನಿಯರ್ ವೈರು ಬದಲಿಸಿದರು, ಮೈಕು ಬದಲಿಸಿದರು, ಕೊನೆಗೆ ಅಕ್ಕನ ಕಟ್ಟಿಸಿದ ಹಲ್ಲಿನ ಮೇಲೆ ಗೂಬೆ ಕೂರಿಸಲು ಹೋಗಿ ಚೆನ್ನಾಗಿ ಬೈಸಿಕೊಂಡರು. ಆಮೇಲೆ ಏಣಿ ಹತ್ತಿ ಟಾರ್ಚ್ ಬಿಟ್ಟರೆ, ಪೌಡರ್ ಬಳಿದುಕೊಂಡಂತಿದ್ದ ಮುಖಗಳು ಸಾಲಾಗಿ ಬಗ್ಗಿ ಅವರನ್ನೇ ವಿಚಾರಿಸಿಕೊಂಡವು.

ನಿರ್ದೇಶಕರು ಕಣ್ಣು ಮುಚ್ಚಿ ಮರಿಗಳ ಗಾಯನವನ್ನು ಆಲಿಸಿದರು. ಇದು ಗೂಬೆಯ ದನಿಯಂತಿಲ್ಲ, ಗೂಬೆ ಎಂದ ಮೇಲೆ “ಗೂ” ಎನ್ನಬೇಕು, ಇಲ್ಲದಿದ್ದರೆ ಜನ ಒಪ್ಪುವುದಿಲ್ಲ ಎಂದು ತೀರ್ಪಿತ್ತರು. ಹಾಗಾಗಿ ನಮ್ಮ ಸೋದರಮಾವನನ್ನು ಕರೆಸಿ, ಅಂಗೈ ಬಟ್ಟಲು ಮಾಡಿಸಿ, ಬಾಯಿ ಸೊಟ್ಟಗೆ ಮಾಡಿಸಿ “ಗೂ ಗೂ” ಅನ್ನಿಸಲಾಯಿತು. ಹೀಗೆ ಮಾವ ವನ್ಯಜೀವಿಯಾದರು, ತಾವು ಗಲಾಟೆಯಾದಿರಿ. ತಾವು ವಂಶಪಾರಂಪರ್ಯವಾಗಿ ತಪ್ಪು ಉಚ್ಚರಿಸುತ್ತ ಬಂದಿರುವುದನ್ನು ಈಗಲಾದರೂ ಮಾವನ ಬಳಿ ತಿದ್ದಿಸಿಕೊಳ್ಳಬೇಕಾಗಿ ಕೋರಿಕೆ.

ಇಷ್ಟಾದರೂ ತಮ್ಮ ಮನೆಯ ಸದ್ದು ನಿಲ್ಲಲಿಲ್ಲ. ಶಾಲೆ ತೆರೆಯುವುದರೊಳಗೆ ಚಿತ್ರ ಒಪ್ಪಿಸಬೇಕು. ನಿರ್ದೇಶಕರು ಕೆಟ್ಟವರಲ್ಲ, ಕ್ಯಾಮೆರಾ ಚೀಲದೊಳಗೆ ಇರುವೆ ಹೊಕ್ಕರೂ ಊದಿ ಕಳಿಸುವವರು. ಅಂಥವರು ತಲೆ ಕೆರೆದುಕೊಂಡು ಹೇಳಿದರು: “ಮೊದ್ಲು ಈ ಗೂಬೆ ಖಾಲಿ ಆಗ್ಲಿ ಸಾರ್, ಆಮೇಲೆ ಗೂಬೆ ಸಂರಕ್ಷಣೆ ಮಾಡೋಣ.” ತಾವಿಬ್ಬರೂ ಸಂಜೆ ಬೇಟೆಗೆ ಹೊರಟ ಮೇಲೆ ಬಡಗಿ ಬಂದು ಕಿಂಡಿಗೆ ಹಲಗೆ ಹೊಡೆಯುವುದೆಂದು ನಿಶ್ಚಯವಾಯಿತು. ಒಳಗಿರುವ ಮರಿಗಳಿಗೆ ರೆಕ್ಕೆ ಬಲಿತಿಲ್ಲ, ತಂದೆತಾಯಿ ಹೊರಗೇ ಉಳಿದರೆ ಅವು ಹಸಿದು ಸಾಯುತ್ತವೆ ಎಂದೆ. ಹಾಗಾದರೆ ಶಾಲೆಗಳಿಗೆ ಯಾರು ಉತ್ತರ ಹೇಳುತ್ತಾರೆ ಎಂದರು. ನಾನು ‘ಉತ್ತರ’ಕ್ಕೆ ಪ್ರಾಸ ಹುಡುಕತೊಡಗಿದೆ.

ಆ ಸಂಜೆ ಹೊರಗೆ ಬಡಗಿ ಏಣಿ ಹತ್ತಿದಾಗ ಒಳಗೆ ಅಕ್ಕ ಕೊನೆಯ ಪುಟಕ್ಕೆ ಬಂದಿದ್ದಳು. “ಗೂಡಿಗೆ ಕೈ ಹಾಕದಿರೋಣ, ಹಾರುವ ತನಕ ಕಾಯೋಣ” ಎಂಬ ಸಾಲು. ಮೊದಲ ಸುತ್ತಿಗೆ ಏಟು ಬಿತ್ತು. ಅಕ್ಕ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಗಾಜಿನಾಚೆ ಕೂತಿದ್ದ ನಿರ್ದೇಶಕರನ್ನು ನೋಡಿ, ಹವಾಮಾನ ವರದಿ ಓದುವಷ್ಟೇ ತಣ್ಣಗೆ, “ಆ ಏಣಿ ಇಳಿಯೋ ತನಕ ಈ ಸಾಲು ನನ್ನ ಬಾಯಲ್ಲಿ ಬರಲ್ಲಪ್ಪ. ಅರ್ಜೆಂಟಿದ್ರೆ ನಮ್ಮ ಮಾವನ ಹತ್ರಾನೇ ಓದಿಸ್ಕೊಳ್ಳಿ” ಎಂದಳು.

ನಿರ್ದೇಶಕರು ಅಕ್ಕನನ್ನು ನೋಡಿದರು, ಕೈಯಲ್ಲಿದ್ದ ಹಾಳೆ ನೋಡಿದರು, ಸೂರು ನೋಡಿದರು. ಎದ್ದು ಹೋಗಿ ಬಡಗಿಯನ್ನು ಇಳಿಸಿ, ಹಲಗೆಯನ್ನು ತಾವೇ ಹೊತ್ತು ತಂದರು. ಮರಿಗಳು ಹಾರುವ ತನಕ ಮುದ್ರಣ ನಿಲ್ಲಲಿ, ಹಾರಿದವೋ ಇಲ್ಲವೋ ಎಂಬುದನ್ನು ಅಕ್ಕನೇ ತಿಳಿಸಲಿ ಎಂದು ಒಪ್ಪಂದವಾಯಿತು. ಶಾಲೆಗಳಿಗೆ ಚಿತ್ರ ತಡವಾಗಿ ಹೋಗುತ್ತದೆ.

ಆದಕಾರಣ ತಮ್ಮಲ್ಲಿ ಸವಿನಯ ಪ್ರಾರ್ಥನೆ: ಇಲಿಗಳನ್ನು ಕಿರುಚದಂತೆ ಒಪ್ಪಿಸಿ ತರುವುದು, ಮಕ್ಕಳು ಹಸಿವನ್ನು ಅಲ್ಪವಿರಾಮ, ಪೂರ್ಣವಿರಾಮಗಳಲ್ಲಿ ಮಾತ್ರ ಪ್ರಕಟಿಸುವಂತೆ ಪಾಠ ಹೇಳುವುದು, ಸಾಧ್ಯವಾದರೆ ಇನ್ನಷ್ಟು ಬೇಗ ಬೆಳೆದುಬಿಡುವುದು. ಈ ಕೊನೆಯದನ್ನು ಮಾತ್ರ ಅಕ್ಕನಿಗೆ ಹೇಳಬೇಡಿ. ಅವಳು ಸಂಜೆ ಹೊತ್ತು ಕಿಂಡಿಯ ಕೆಳಗೆ ಕುರ್ಚಿ ಹಾಕಿ ಕೂರುತ್ತಾಳೆ. ಹಾರಿದವೇ ಎಂದು ನಿರ್ದೇಶಕರು ಕೇಳುತ್ತಾರೆ, ಇನ್ನೂ ಇಲ್ಲ ಎನ್ನುತ್ತಾಳೆ. ನಿನ್ನೆ ತಮ್ಮ ಹಿರಿಯ ಸಂತಾನ ಎದುರಿನ ಕಾಂಪೌಂಡ್ ಮೇಲೆ ಕೂತು ಅವಳನ್ನೇ ದಿಟ್ಟಿಸುತ್ತಿತ್ತು. ಅಕ್ಕ ಬಹಳ ಹೊತ್ತಿನ ತನಕ ಕನ್ನಡಕ ಒರೆಸುತ್ತಲೇ ಇದ್ದಳು.

ಇಂತಿ, ತಮ್ಮ ನಿದ್ದೆ ಕಾಯುತ್ತ ತನ್ನ ನಿದ್ದೆ ಕೆಡಿಸಿಕೊಂಡಿರುವ
ತಮ್ಮ ವಿಶ್ವಾಸಿ,
ನಿರೂಪಣಾ ಲೇಖಕ

ವಿ.ಸೂ.: ನಿರ್ದೇಶಕರ ಮುಂದಿನ ಚಿತ್ರ ಬಾವಲಿಗಳ ಸಂರಕ್ಷಣೆ ಕುರಿತದ್ದು. ಈ ಸಲ ಮುಂಜಾಗ್ರತೆಯಾಗಿ, ಚಿತ್ರೀಕರಣಕ್ಕೆ ಮೊದಲೇ ಕೊಠಡಿಯ ಉಳಿದೆಲ್ಲ ಕಿಂಡಿಗಳಿಗೆ ಹಲಗೆಯ ಅಳತೆ ತೆಗೆಸಿದ್ದಾರೆ. ತಮ್ಮ ಪರಿಚಯದ ಬಾವಲಿಗಳು ಯಾರಾದರೂ ಇದ್ದರೆ, ಈ ವಾರದೊಳಗೆ ಬಂದು ಮನೆ ಹಿಡಿಯಲು ಹೇಳಿ.