ಅತ್ತೆಯವರದಲ್ಲದ ವಾಕರ್

ನೆಂಟರು ಬಂದರೆ ಖುಷಿಪಡುವ ಹೆಂಗಸರಲ್ಲಿ ನಾನೂ ಒಬ್ಬಳಾಗಿದ್ದೆ. ಈಗ ಗೇಟಿನ ಚಿಲಕ ಸದ್ದಾದರೆ ಸಾಕು, ಒಲೆಯ ಮೇಲೆ ಹಾಲಿದ್ದರೂ ಬಿಟ್ಟು ನಡುಮನೆಗೆ ಓಡುತ್ತೇನೆ. ಬಾಗಿಲು ತೆಗೆಯಲಿಕ್ಕಲ್ಲ, ಅತ್ತೆಯವರನ್ನು ಹಿಡಿದುಕೊಳ್ಳಲಿಕ್ಕೆ.

ಕಳೆದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡರು. "ಇನ್ನೊಂದ್ಸಲ ಬಿದ್ರೆ ಸೊಂಟ ಕಣಮ್ಮ, ಆಮೇಲೆ ಏಳೋದು ಕಷ್ಟ" ಎಂದರು ಕಡೂರಿನ ನಮ್ಮ ಡಾಕ್ಟರು. ನಮ್ಮ ಯಜಮಾನರು ಅವತ್ತೇ ನಾಲ್ಕು ಕಾಲಿನ ವಾಕರ್ ತಂದರು. ಮನೆಮಂದಿಯಷ್ಟೇ ಇದ್ದಾಗ ಅತ್ತೆ ಅದನ್ನು ಹಿಡಿದು ಚೆನ್ನಾಗಿಯೇ ಓಡಾಡುತ್ತಾರೆ. ನಾನು ಅದರ ಟಕ್ ಟಕ್ ಕೇಳುತ್ತಾ ಸೊಪ್ಪು ಬಿಡಿಸುತ್ತೇನೆ. ಸದ್ದು ನಿಂತರೆ ನನ್ನ ಕೈಯೂ ನಿಲ್ಲುತ್ತದೆ. ತೊಂದರೆಯೆಲ್ಲ ಹೊರಗಿನವರು ಬಂದಾಗ. ವಾಕರನ್ನು ಅಡುಗೆಮನೆ ಬಾಗಿಲ ಹಿಂದಕ್ಕೆ ನೂಕಿ, ಫ್ರಿಜ್ಜು, ಊಟದ ಟೇಬಲ್ಲು, ಟಿ.ವಿ. ಸ್ಟ್ಯಾಂಡು ಹೀಗೆ ಒಂದೊಂದನ್ನೇ ಸವರುತ್ತಾ ಸೋಫಾ ಸೇರಿ, ಸೆರಗು ಹೊದ್ದು, ಬೆಳಗಿನಿಂದ ಅಲ್ಲೇ ಕೂತವರಂತೆ "ಬಾರಮ್ಮ" ಎನ್ನುತ್ತಾರೆ. ಟಿ.ವಿ. ಸ್ಟ್ಯಾಂಡಿಗೆ ಗಾಲಿಗಳಿವೆ. ಇದು ನನಗೆ ಸದಾ ನೆನಪಿರುತ್ತದೆ, ಅವರಿಗೆ ಇರುವುದಿಲ್ಲ.

ಇಷ್ಟೆಲ್ಲ ಸಾಹಸ ಯಾಕೆಂದರೆ ಜೋಗುಳಕ್ಕಾಗಿ. ನಮ್ಮ ನೆಂಟರಿಷ್ಟರಲ್ಲಿ ಯಾವ ಕೂಸನ್ನು ತೊಟ್ಟಿಲಿಗೆ ಹಾಕಿದರೂ ಮೊದಲ ಜೋಗುಳ ಅತ್ತೆಯದೇ. ಅವರ ಓರಗೆಯ ಅಜ್ಜಂಪುರದ ಗೌರಕ್ಕ ಕೋಲು ಹಿಡಿದದ್ದೇ ತಡ, ಕರೆಯಲು ಬಂದವರು ಕುಂಕುಮ ಕೊಟ್ಟು "ನೀವ್ಯಾಕೆ ಆಯಾಸ ಮಾಡ್ಕೋತೀರಿ, ಊಟ ಕಳಿಸ್ತೀವಿ" ಎನ್ನತೊಡಗಿದರಂತೆ. "ಅವಳ ಮನೇಗೀಗ ಟಿಫನ್ ಕ್ಯಾರಿಯರ್ ಹೋಯ್ತದೆ, ಕರೆ ಹೋಗಲ್ಲ ಕಣೇ. ಆ ಹೋಳಿಗೆ ನಂಗೆ ಬ್ಯಾಡ" ಎನ್ನುತ್ತಾರೆ ಅತ್ತೆ.

"ಬಿದ್ರೆ ಏನ್ಮಾಡ್ತೀರಿ?"

"ನಿನ್ ಬಾಯಲ್ಲಿ ಒಂದು ಒಳ್ಳೇ ಮಾತೂ ಬರಲ್ವಲ್ಲೇ."

ಹೀಗಿರುವಾಗ ತರೀಕೆರೆಯ ಪಾರ್ವತಮ್ಮ, ದೂರದ ನೆಂಟರು, ಮೊಮ್ಮಗಳ ತೊಟ್ಟಿಲಿಗೆ ಕರೆಯಲು ಬಂದರು. ಗೇಟು ತೆರೆದೇ ಇತ್ತು. ಚಿಲಕದ ಸದ್ದೇ ಆಗಲಿಲ್ಲ. ನಾನು ಬರುವಷ್ಟರಲ್ಲಿ ಅತ್ತೆ ಹೇಗೋ ಸೋಫಾ ಮುಟ್ಟಿದ್ದರು, ವಾಕರ್ ಮಾತ್ರ ನಡುಮನೆಯ ನಟ್ಟನಡುವೆ ನಿಂತಿತ್ತು.

"ಅಯ್ಯೋ ಶಿವನೇ, ಇದ್ಯಾರದು?" ಎಂದರು ಪಾರ್ವತಮ್ಮ.

ಅತ್ತೆ ನನ್ನನ್ನು ನೋಡಿದರು. ಅವರ ಕೈ ಸೆರಗಿನ ತುದಿಯನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು. ಸುಳ್ಳು ಹೇಳಿದರೆ ನಾಲಿಗೆ ಕಪ್ಪಾಗುತ್ತದೆ ಎಂದು ಕಾನ್ವೆಂಟಿನಲ್ಲಿ ಸಿಸ್ಟರುಗಳು ಹೇಳಿಕೊಟ್ಟಿದ್ದು ನೆನಪಾಯಿತು. ಆದರೂ "ನಂದು. ಮಂಡಿನೋವು" ಎಂದುಬಿಟ್ಟೆ.

"ಈ ವಯಸ್ಸಿಗೇನಾ? ನಿಮ್ಮ ಕಾನ್ವೆಂಟಲ್ಲಿ ಒಂಚೂರು ಬಗ್ಗಿ ಕಸ ಗುಡಿಸೋದ್ ಕಲಿಸಿದ್ರೆ ಹಿಂಗಾಗ್ತಿರ್ಲಿಲ್ಲ ಕಣಮ್ಮ!" ಎಂದು ನನ್ನ ಶಾಲೆಯನ್ನು ವಿಚಾರಿಸಿಕೊಂಡು, ಪಾರ್ವತಮ್ಮ ಅತ್ತೆಯ ಕಡೆ ತಿರುಗಿದರು. "ಅಕ್ಕ, ನೀವ್ ಬರ್ಲೇಬೇಕು, ಜೋಗುಳ ನಿಮ್ದೇ. ಪಾಪ, ಇವಳು ಮನೇಲಿರ್ಲಿ."

"ಎಲ್ಲಾದ್ರೂ ಉಂಟಾ! ಅವಳನ್ನೂ ಕರ್ಕಂಡೇ ಬತ್ತೀನಿ" ಎಂದರು ಅತ್ತೆ, ಥಟ್ಟನೆ. "ಅವಳ ವಾಕರ್ರೂ ತರ್ತೀನಿ."

ತರೀಕೆರೆಯಲ್ಲಿ ಕಾರಿನಿಂದ ಮೊದಲು ಇಳಿದದ್ದು ವಾಕರ್, ಅದರ ಹಿಂದೆ ಅತ್ತೆ. "ಇವಳು ಇಳಿಯೋಗಂಟ ನಾನ್ ಹಿಡ್ಕಂಡಿರ್ತೀನಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಟಕ್ ಟಕ್ ಎಂದು ಒಳಗೆ ನಡೆದೇಬಿಟ್ಟರು. ನಾನು ಗೋಡೆ ಹಿಡಿದು ಕುಂಟುತ್ತಾ ಹಿಂಬಾಲಿಸಿದೆ. "ಈ ವಯಸ್ಸಲ್ಲೂ ಸೊಸೆ ಕಷ್ಟ ಹೊತ್ಕಂಡ್ ಓಡಾಡ್ತಾರೆ ನೋಡು, ಎಂಥ ಅತ್ತೆ!" ಎಂದಿತು ಒಂದು ಗುಂಪು. ಇನ್ನೊಂದು ಗುಂಪು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕಾಲಿಗೆ ಸ್ಟೂಲು ಕೊಟ್ಟು, ಎಕ್ಕದೆಲೆ ಕಾಯಿಸಿ ಕಟ್ಟಬೇಕೋ ಹರಳೆಣ್ಣೆ ತಿಕ್ಕಬೇಕೋ ಎಂದು ಜಗಳಕ್ಕೆ ನಿಂತಿತು.

ತೊಟ್ಟಿಲ ಪಕ್ಕದಲ್ಲಿ ಅತ್ತೆ ಎರಡೂ ಕೈಯನ್ನು ವಾಕರ್ ಮೇಲೆ ಊರಿ, ಬೆನ್ನು ನೆಟ್ಟಗೆ ಮಾಡಿ, ಜೋಗುಳವನ್ನು ಒಂದು ನುಡಿಯೂ ಬಿಡದೆ ಹಾಡಿದರು. ಕೂಸು ನಿದ್ದೆ ಹೋಯಿತು. ಎಷ್ಟೋ ತಿಂಗಳ ಮೇಲೆ ನನ್ನ ಎದೆಬಡಿತವೂ ಸಮಾಧಾನಕ್ಕೆ ಬಂತು.

ಅಷ್ಟರಲ್ಲಿ ಪಾರ್ವತಮ್ಮ ಬಿಸಿ ಹರಳೆಣ್ಣೆಯ ಬಟ್ಟಲು ಹಿಡಿದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, "ಯಾವ ಮಂಡಿ ತಾಯಿ?" ಎಂದರು. ಅತ್ತೆ ಬೀಳುತ್ತಾರೆಂಬ ಭಯವೇನೋ ಅವತ್ತು ಹೋಗಿತ್ತು. ಆದರೆ ಯಾವ ಕಾಲು ಕುಂಟುತ್ತಾ ಒಳಗೆ ಬಂದೆ ಎಂಬುದು, ಎಷ್ಟು ಯೋಚಿಸಿದರೂ, ನೆನಪಿಗೆ ಬರಲಿಲ್ಲ.