ತಿರುಮಲೇಶರ ಕಂಬ

ಶನಿವಾರ ಬೆಳಿಗ್ಗೆ ಎಂಟು ಗಂಟೆ. ಆಂಟಾಪ್ ಹಿಲ್‌ನ ಬಿಲ್ಡಿಂಗೊಂದರ ಟೆರೇಸಿನಲ್ಲಿ ತಿರುಮಲೇಶರ ಆಂಟೆನಾ ನೆಲದ ಮೇಲೆ ಬಿದ್ದಿತ್ತು. ಅದು ಇರಬೇಕಾಗಿದ್ದ ಕಬ್ಬಿಣದ ಕಂಬದ ತುದಿಯಲ್ಲಿ ಸೊಸೈಟಿ ಸೆಕ್ರೆಟರಿ ಬಸವಂತರಾಯರ ಟಿವಿ ಆಂಟೆನಾ ಕೂತಿತ್ತು.

ಅದು ೧೯೯೧. ತಿರುಮಲೇಶರು ಮಾಟುಂಗಾದ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಕಲಿಸುತ್ತಿದ್ದರು. ಎರಡು ಕಂಪ್ಯೂಟರುಗಳನ್ನು ತಂತಿಯಿಲ್ಲದೆ, ರೇಡಿಯೊ ಮೂಲಕ ಜೋಡಿಸುವುದು ಅವರ ಸಂಶೋಧನೆ. ಬಿಲ್ಡಿಂಗಿನವರು ಅವರನ್ನು ಪ್ರೊಫೆಸರ್ ಎಂದು ಕರೆಯುತ್ತಿದ್ದರು; ಕಾಲೇಜಿನವರು ಇನ್ನೂ ಕರೆದಿರಲಿಲ್ಲ. ಆ ದಿನ ಹತ್ತೂವರೆಗೆ ಸಮಿತಿಯೊಂದು ಕಾಲೇಜಿನ ಕಂಪ್ಯೂಟರಿನ ಮುಂದೆ ಕೂರುವುದಿತ್ತು. ಅಲ್ಲಿಯ ಟೆರೇಸಿನಲ್ಲೂ ತಿರುಮಲೇಶರು ಇಂಥದೇ ಕಂಬ ನಿಲ್ಲಿಸಿ ಬಂದಿದ್ದರು. ಇಲ್ಲಿ ಬಿಲ್ಡಿಂಗಿನ ಟೆರೇಸಿನ ಕೋಣೆಯಲ್ಲಿದ್ದ ಕಂಪ್ಯೂಟರಿನಿಂದ ಇವರು ಕಳಿಸಿದ ಸಂದೇಶ ಅಲ್ಲಿ ಮೂಡಿದರೆ ವೈರ್‌ಲೆಸ್ ಪ್ರಯೋಗಾಲಯಕ್ಕೆ ಮಂಜೂರಾತಿ, ಜೊತೆಗೆ ಬಡ್ತಿ.

"ಬಸವಂತರಾಯರೇ, ಇದು ನನ್ನ ಕಂಬ."

"ತಂತಿ ಇಲ್ಲದ ಕೆಲಸ ನಿಮ್ದು. ಕಂಬ ಯಾಕ ಬೇಕ್ರೀ?"

"ಇದಕ್ಕೆ ದಿಲ್ಲಿಯಿಂದ ಲೈಸನ್ಸ್ ತರಿಸಿದೀನಿ!"

"ಇವತ್ತ ಕ್ರಿಕೆಟ್ ಮ್ಯಾಚ್ ಐತ್ರಿ. ಅದಕ್ಕ ಲೈಸನ್ಸ್ ಬೇಕಾಗಿಲ್ಲ."

ಎರಡನೇ ಮಹಡಿಯ ಕಸ್ತೂರಿಬಾಯಿ ಒದ್ದೆ ಬಟ್ಟೆಯ ಬಕೆಟ್ ಇಳಿಸಿ ನ್ಯಾಯಕ್ಕೆ ನಿಂತರು. "ಇವ್ರು ಕಂಬ ನಿಲ್ಲಿಸಿದಾಗಿಂದ ನಮ್ಮ ಟಿವಿಯಾಗ ಬರೇ ಹಿಮ ಬೀಳಾಕತ್ತೈತಿ. ಪ್ರೊಫೆಸರಂತ ಸುಮ್ಮನಿದ್ವಿ."

ಕೊನೆಗೆ ರಾಜಿಯಾಯಿತು. ಟಿವಿ ಆಂಟೆನಾ ಮೇಲೆ, ತಿರುಮಲೇಶರದು ಕೆಳಗೆ. ಕ್ಲಾಂಪನ್ನು ಬಸವಂತರಾಯರು ಬಳಸಿಬಿಟ್ಟಿದ್ದರಿಂದ ಕಸ್ತೂರಿಬಾಯಿ ಬಟ್ಟೆ ಒಣಹಾಕುವ ಹಗ್ಗದಿಂದಲೇ ಕಟ್ಟಬೇಕಾಯಿತು. ಗಂಟು ಸಡಿಲವಾಗಿ, ಆಂಟೆನಾ ಬೈಸಿಕೊಂಡ ವಿದ್ಯಾರ್ಥಿಯಂತೆ ತಲೆ ತಗ್ಗಿಸಿತು. ತಿರುಮಲೇಶರು ಅದನ್ನು ಮಾಟುಂಗಾದ ಕಡೆಗೆ ತಿರುಗಿಸಿ, ಇಟ್ಟಿಗೆ ಒತ್ತುಕೊಟ್ಟರು.

ಹತ್ತೂವರೆಗೆ ಮೊದಲ ಸಂದೇಶ ಹೋಯಿತು: "ಈ ಸಾಲು ತಂತಿಯಿಲ್ಲದೆ ಬಂದಿದೆ." ಉತ್ತರವಿಲ್ಲ. ಇಟ್ಟಿಗೆ ಸರಿಸಿದರು. ಇಲ್ಲ. ಹೊರಗೆ ಬಂದು ನೋಡಿದರೆ ಕಸ್ತೂರಿಬಾಯಿಯ ಒಂಬತ್ತು ಗಜದ ಸೀರೆ ಹಗ್ಗದ ಉಳಿದ ತುದಿಯಲ್ಲಿ ಒಣಗುತ್ತ, ಗಾಳಿ ಬೀಸಿದಾಗಲೆಲ್ಲ ಆಂಟೆನಾವನ್ನು ಧಾರಾವಿಯ ಕಡೆಗೆ ಎಳೆಯುತ್ತಿತ್ತು. ಸೀರೆ ತೆಗೆದು ಹೆಗಲಿಗೆ ಹಾಕಿಕೊಂಡು ಒಳಗೆ ಓಡಿದರು.

ಪರದೆಯ ಮೇಲೆ ಅಕ್ಷರಗಳು ಮೂಡಿದ್ದವು. ವಿಭಾಗದ ಮುಖ್ಯಸ್ಥ ಕೇಶವಮೂರ್ತಿಯವರದು: "ತಲುಪಿತು. ಸ್ಕೋರ್ ಎಷ್ಟು?"

ತಿರುಮಲೇಶರ ಕಣ್ಣು ಒದ್ದೆಯಾಯಿತು. ದೋಷಪತ್ತೆಯ ವಿಧಾನವನ್ನು ವಿವರಿಸುವ ಒಂದು ಪುಟ ಕಳಿಸಿದರು.

"ಅದೂ ತಲುಪಿತು. ಸ್ಕೋರ್?"

ಅವರು ಬಸವಂತರಾಯರ ಮನೆಗಿಳಿದು, ಸ್ಕೋರ್ ನೋಡಿ, ಮೇಲೆ ಬಂದು ಟೈಪ್ ಮಾಡಿದರು. ಐದು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ಮಧ್ಯಾಹ್ನದ ಊಟವನ್ನು ಮೆಟ್ಟಿಲ ಮೇಲೆ ನಿಂತೇ ಮುಗಿಸಿದರು.

"ಪ್ರೊಫೆಸರ್ ಸಾಹೇಬ್ರ, ಒಂದ್ ಕಡೆ ಕೂಡ್ರಂಗಿಲ್ಲ, ಬಾಗಲಾ ಹಾಕಂಗಿಲ್ಲ," ಎಂದು ಬಸವಂತರಾಯರು ಗೊಣಗಿದರು.

ಸಂಜೆಯವರೆಗೆ ಒಂದು ಅಂಕೆಯೂ ತಪ್ಪಲಿಲ್ಲ. ಕೊನೆಯ ಸಂದೇಶ ಬಂತು: "ಸಮಿತಿಗೆ ಪೂರ್ಣ ತೃಪ್ತಿ. ಹಣ ಮಂಜೂರು. ಸೋಮವಾರ ಬಂದು ನೋಡಿ."

ಕಸ್ತೂರಿಬಾಯಿ ಸೀರೆ ವಾಪಸ್ ತೆಗೆದುಕೊಂಡು, ತಿರುಮಲೇಶರ ಅಂಗೈಗೆ ಸಕ್ಕರೆ ಹಾಕಿದರು.

ಸೋಮವಾರ ಕೇಶವಮೂರ್ತಿ ಕಾಲೇಜಿನ ಬಾಗಿಲಲ್ಲೇ ಕೈ ಕುಲುಕಿದರು. "ಪಾಪ, ಎಷ್ಟು ಮೆಟ್ಟಿಲು ಹತ್ತಿ ಇಳಿದ್ರೋ ಏನೋ. ಇನ್ನು ನಿಮಗೆ ಆ ಕಷ್ಟ ಇಲ್ಲ ಕಣ್ರೀ."

ಪ್ರಯೋಗಾಲಯವಾಗಬೇಕಿದ್ದ ಕೋಣೆಯಲ್ಲಿ ಹೊಸ ಕಲರ್ ಟಿವಿ ಇತ್ತು. ಅದರ ಆಂಟೆನಾವನ್ನು ಕಾಲೇಜಿನ ಟೆರೇಸಿನಲ್ಲಿ, ತಿರುಮಲೇಶರ ಕಂಬಕ್ಕೆ ಕಟ್ಟಿದ್ದರು.