ಕಟ್ಟೆ ಮೇಲೆ ಊರು

೧೯೫೩ನೇ ಇಸವಿ. ಬಿ.ಎಸ್‌ಸಿ. ಮುಗಿಸಿ ಮಸ್ಕಿಯ ಶಾಲೆಯೊಂದಕ್ಕೆ ಸೈನ್ಸ್ ಮಾಸ್ತರನಾಗಿ ಬಂದೆ. "ಸೈನ್ಸ್ ಓದ್ಯಾನ, ಲೆಕ್ಕ ತಪ್ಪಂಗಿಲ್ಲ" ಎಂದು ಹೆಡ್‌ಮಾಸ್ತರರು ಶಾಲೆಯ ಜಲ್ಸಾಗಳನ್ನೆಲ್ಲ, ಅಂದರೆ ಸಭೆ-ಸಮಾರಂಭಗಳನ್ನೆಲ್ಲ, ನನಗೇ ವಹಿಸಿದರು. ಒಂದು ತಪ್ಪು ತಿದ್ದಿದರೆ ಆ ತಿದ್ದುಪಡಿಯಿಂದಲೇ ಇನ್ನೊಂದು ಹುಟ್ಟುತ್ತದೆ ಎಂದು ಯಾವ ಪ್ರೊಫೆಸರರೂ ನನಗೆ ಹೇಳಿರಲಿಲ್ಲ.

ನನಗೆ ಬೇಕಿದ್ದದ್ದು ಒಂದು ಕೋಣೆ. ಪ್ರಯೋಗದ ಗಾಜಿನ ನಳಿಕೆಗಳು ಹೆಡ್‌ಮಾಸ್ತರರ ಮೇಜಿನ ಕೆಳಗಿದ್ದವು. ಅವರು ಕಾಲು ಚಾಚಿದಾಗಲೆಲ್ಲ ಒಂದು ಕಡಿಮೆಯಾಗುತ್ತಿತ್ತು. ಅರಿವೆ ಅಂಗಡಿಯ ಸಾವಕಾರರು ಮಾತು ಕೊಟ್ಟಿದ್ದರು: "ನಿಮ್ಮ ಜಲ್ಸಾಕ್ಕ ಊರು ಕೂಡಿದ್ದು ಒಮ್ಮೆ ಕಣ್ಣಿಲೆ ನೋಡ್ತೀನಿ, ಮಾಸ್ತರ. ಕೋಣಿ ನಾ ಕಟ್ಟಸ್ತೀನಿ."

೧. ಹತ್ತು ಗಂಟೆ

ಮೊದಲ ಜಲ್ಸಾಕ್ಕೆ ಮನೆಮನೆಗೂ ಕಾಗದ ಹಂಚಿಸಿದೆ. ಸಮಯ ಬೆಳಿಗ್ಗೆ ಹತ್ತು. ಹತ್ತಕ್ಕೆ ಲಿಂಗಸುಗೂರಿನಿಂದ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಎದುರಿನ ಓಣಿಯವರು ಬರಲಿಲ್ಲ. ಹನ್ನೊಂದಕ್ಕೆ ನಾನೇ ಊರ ಗೌಡರ ಮನೆಗೆ ಓಡಿದೆ.

ಗೌಡರು ಜರಿ ರುಮಾಲು ಸುತ್ತಿಕೊಂಡು, ಮೆಟ್ಟು ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದರು.

"ಯಾಕ್ರೀ, ಬರಲಿಲ್ಲ?"

"ಕರಿಯಾಕ ಯಾರೂ ಬರಲಿಲ್ಲಲ್ಲೋ!"

"ಕಾಗದ ಕೊಟ್ಟಿದ್ದೆವಲ್ರೀ."

"ಕಾಗದ ಬಂದು ಕರದ್ರ ಎದ್ದು ಬರಾಕ ನಾ ಅಂಚೆಯವನೇನು?"

ಎಲ್ಲ ಮನೆಗಳಲ್ಲೂ ಅದೇ. ಇಡೀ ಊರು ರುಮಾಲು ಸುತ್ತಿಕೊಂಡು ಮನೆಯಲ್ಲೇ ಕೂತಿತ್ತು.

೨. ಅವರು ಬಂದಾರೇನು?

ಎರಡನೇ ಜಲ್ಸಾಕ್ಕೆ ಜವಾನ ಚಾಚಾನನ್ನು ಕರೆಯಲು ಕಳಿಸಿದೆ. ಚಾಚಾ ಒಬ್ಬನೇ ಹೋಗಿ ಒಬ್ಬನೇ ಬಂದ.

"ಸಾವಕಾರ್ರು ಕೇಳ್ತಾರ, ಗೌಡ್ರು ಬಂದಾರೇನು? ಅವರು ಬಂದಮ್ಯಾಲ ಇವರು ಬರ್ತಾರಂತ. ಗೌಡ್ರು ಕೇಳ್ತಾರ, ಸಾವಕಾರ್ರು ಬಂದಾರೇನು? ಇವರು ಬಂದಮ್ಯಾಲ ಅವರು ಬರ್ತಾರಂತ."

"ಇಬ್ಬರಿಗೂ ಬಂದಾರ ಅಂತ ಹೇಳು ಚಾಚಾ."

"ಯಾ ಅಲ್ಲಾ!" ಎಂದು ಗದ್ದ ಮುಟ್ಟಿಕೊಂಡು ಚಾಚಾ ಹೋದ.

ಇಬ್ಬರೂ ಹೊರಟರು. ಶಾಲೆಯ ಗೇಟಿನಲ್ಲಿ ಎದುರಾದರು. ಗೇಟು ಕಿರಿದು, ಒಬ್ಬರೇ ಹಾಯಬೇಕು.

"ನೀವು ನಡೀರಿ ಗೌಡ್ರ."

"ಛೇ, ನೀವು ನಡೀರಿ."

ಇಬ್ಬರೂ ಹಾಯಲಿಲ್ಲ. ಅವರನ್ನು ದಾಟಿ ಒಳಗೆ ಬರುವ ಧೈರ್ಯ ಹಿಂದಿನವರಿಗೆ ಇರಲಿಲ್ಲ. ಕಡೆಗೆ ಈ ಸಲವೂ ಬಂದು ಒಳಗೆ ಕಾದು ಕೂತಿದ್ದ ಇನ್ಸ್‌ಪೆಕ್ಟರ್ ಸಾಹೇಬರು ಎದ್ದು ಹೋಗಿ ಮಕ್ಕಳ ಬಹುಮಾನಗಳನ್ನು ಗೇಟಿನಲ್ಲೇ ಹಂಚಿ, ಹಾಗೇ ಬಸ್ಸು ಹತ್ತಿದರು.

"ಇದಕ್ಕ ಕೂಡೋದು ಅಂತಾರೇನು ಮಾಸ್ತರ?" ಎಂದರು ಸಾವಕಾರರು. "ಇನ್ನೊಮ್ಮೆ ನೋಡ್ತೀನಿ. ಅದ ಕಡೀದು."

೩. ಮ್ಯಾಲ ಬರ್ರಿ

ಮೂರನೆಯದಕ್ಕೆ ಒಂದು ವಾರ ಕೂತು ನಕ್ಷೆ ಬರೆದೆ. ಹಿಂದಿನ ಬಾಗಿಲನ್ನೂ ತೆರೆಸಿದೆ. ಗೌಡರು ಮುಂದಿನಿಂದ, ಸಾವಕಾರರು ಹಿಂದಿನಿಂದ, ಒಂದೇ ಗಳಿಗೆಗೆ ಬಂದರು. ಹಿರಿಯರಿಗೆ ಜಾಗ ಸಾಲದೆಂದು ಹುಡುಗರಿಗೆ ರಜೆ ಕೊಟ್ಟಿದ್ದೆ. ಅಂಗಳದ ತುಂಬ ಜಮಖಾನೆ ಹಾಸಿದ್ದೆ.

ಶಾಲೆಯ ಕಟ್ಟೆಯೇ ವೇದಿಕೆ; ಸಾವಕಾರರನ್ನೂ ಗೌಡರನ್ನೂ ಅದರ ಮೇಲೆ ಕೂಡ್ರಿಸಿದೆ. ಗೌಡರ ಬೀಗರು ಕೆಳಗೆ ನಿಂತೇ ಇದ್ದರು. "ಮ್ಯಾಲ ಬರ್ರಿ" ಎಂದೆ. ಬೀಗರು ಹತ್ತಿದ ಮೇಲೆ ಅವರ ಅಣ್ಣನನ್ನು ಬಿಡುವುದು ಹೇಗೆ? ಅಣ್ಣ ಹತ್ತಿದ ಮೇಲೆ ಎಣ್ಣೆ ಗಾಣದ ಹಿರಿಯರನ್ನು? ಈ ಸಲ ಯಾರ ಮನಸ್ಸೂ ನೋಯಬಾರದು. ಒಬ್ಬೊಬ್ಬರನ್ನೂ ಕೈಮುಗಿದು ಮೇಲೆ ಕರೆದೆ. ಕಡೆಗೆ ಮೂಲೆಯಲ್ಲಿ ಚಾಚಾ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ.

"ಏನಾತು ಚಾಚಾ?"

"ಊರನ್ನೆಲ್ಲಾ ನಾ ಕರದೆ. ನನ್ನ ಯಾರು ಕರದ್ರು?"

ಅವನನ್ನೂ ಕರೆದೆ.

ಸಾವಕಾರರು ಭಾಷಣಕ್ಕೆ ಎದ್ದರು. ಅಂಗಳ ನೋಡಿದರು. ಬರೀ ಜಮಖಾನೆ. ನನ್ನ ಕೋಣೆ ಹೋಯಿತು ಅಂದುಕೊಂಡೆ.

"ಮಾಸ್ತರ, ಮಂದಿ ಎಲ್ಲಿ?"

"ನಿಮ್ಮ ಹಿಂದ ಅದಾರ್ರೀ."

ತಿರುಗಿ ನೋಡಿದರು. ಅಷ್ಟು ರುಮಾಲುಗಳೂ ಇಕ್ಕಟ್ಟಿನಲ್ಲಿ ಒಂದಕ್ಕೊಂದು ಒರಗಿ ಕೂತಿದ್ದವು. ಸಾವಕಾರರು ನಕ್ಕ ನಗೆಗೆ ಅವರ ರುಮಾಲು ಬಿಚ್ಚಿ ಗೌಡರ ತೊಡೆ ಮೇಲೆ ಬಿತ್ತು.

"ಊರು ಕೂಡ್ಯಾದ, ಖರೆ. ಕೋಣಿ ಕಟ್ಟಸ್ತೀನಿ. ಆದ್ರ ಅದಕ್ಕ ಕಟ್ಟಿ ಬ್ಯಾಡ!"

ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಕಟ್ಟೆ ಮೇಲೆ, ಚಾಚಾನನ್ನು ಸೇರಿಸಿ, ನಲವತ್ತಮೂರು ಮಂದಿ. ಕೆಳಗೆ ಒಬ್ಬ.